ಇಪ್ಪತ್ತು ಅಕ್ಷರದ ಹಿಮ: ಒಂದು ಚೀನೀ ಕವಿತೆಯನ್ನು ಕುಂಚದಲ್ಲಿ ಬರೆಯುವ ಸಮಗ್ರ ಮಾರ್ಗದರ್ಶಿ

ಚೀನೀ ಕುಂಚ ಬರವಣಿಗೆ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಸಾಮಾನು ಕೊಳ್ಳುತ್ತಾರೆ. ಆಮೇಲೆ ಯೂಟ್ಯೂಬ್ ನೋಡಿಕೊಂಡು ‘ಪ್ರೀತಿ’, ‘ಶಾಂತಿ’ ಅಂತ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸುತ್ತಾರೆ. ಅಲ್ಲಿಗೆ ಉತ್ಸಾಹ ಮುಗೀತು. ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಒಂದು ಕವಿತೆ ಹಿಡಿಯಿರಿ. ಅದು ಬಾಯಿಗೆ ಬರಲಿ. ಕುಂಚ, ಮಸಿ, ಕಾಗದ ಎಲ್ಲವನ್ನೂ ಆ ಕವಿತೆಗೆ ಬೇಕಾದಂತೆ ಆರಿಸಿಕೊಳ್ಳಿ. ಕುಂಚದಲ್ಲಿ ಭಾವ ತರುವುದು ಹೇಗೆ ಅಂತ ಕೇಳುವವರಿಗೆ ನನ್ನಲ್ಲಿರುವ ಉತ್ತರ ಇಷ್ಟೇ: ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಖಾಲಿ ಬಿಡಬೇಕು ಅನ್ನುವುದನ್ನು ಕವಿತೆಯೇ ಹೇಳುತ್ತದೆ. ಕೈ ಅದನ್ನು ಕೇಳಿಸಿಕೊಂಡರೆ ಸಾಕು.

ಚೀನೀ ಭಾಷೆ ಬರಬೇಕಾ? ಬೇಡ. ಇಪ್ಪತ್ತು ಅಕ್ಷರ ಗೊತ್ತಿದ್ದರೆ ಸಾಕು.

ಕವಿತೆ ಆರಿಸುವುದು

ಹೊಸಬರಿಗೆ ಸರಿಯಾದ ಅಳತೆ ತಾಂಗ್ ರಾಜವಂಶದ ಕಾಲದ (618–907) ಚೌಪದಿ. ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ, ಒಟ್ಟು ಇಪ್ಪತ್ತು. ಹೆಚ್ಚಿನವರು ಲೀ ಬಾಯ್‌ನ ಬೆಳದಿಂಗಳ ಕವಿತೆಯಿಂದ ಶುರು ಮಾಡುತ್ತಾರೆ. ನಾನು ಲಿಯು ಜೋಂಗ್‌ಯುವಾನ್‌ನ ‘ನದಿಯ ಹಿಮ’ ಹಿಡಿಯಿರಿ ಅನ್ನುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಉಚ್ಚಾರ ಹೆಚ್ಚುಕಡಿಮೆ ಹೀಗೆ:

ಚಿಯೆನ್ ಶಾನ್ ನಿಯಾವ್ ಫೇಯ್ ಜ್ಯುಯೆ
ವಾನ್ ಜಿಂಗ್ ರೆನ್ ಜೋಂಗ್ ಮಿಯೆ
ಗೂ ಜೋವ್ ಸ್ವೋ ಲೀ ವೆಂಗ್
ದೂ ದಿಯಾವ್ ಹಾನ್ ಜಿಯಾಂಗ್ ಶ್ಯುಯೆ

ಪದಕ್ಕೆ ಪದ ಇಟ್ಟರೆ: ಸಾವಿರ ಬೆಟ್ಟ, ಹಕ್ಕಿ ಹಾರಾಟ ನಿಂತಿದೆ. ಹತ್ತು ಸಾವಿರ ದಾರಿ, ಮನುಷ್ಯರ ಹೆಜ್ಜೆ ಅಳಿಸಿದೆ. ಒಂಟಿ ದೋಣಿ, ಹುಲ್ಲಿನ ಗೊರಬು, ಬಿದಿರಿನ ಟೋಪಿ, ಮುದುಕ. ಒಬ್ಬನೇ ಗಾಳ ಹಾಕಿದ್ದಾನೆ, ತಣ್ಣನೆ ನದಿ, ಹಿಮ.

‘ಹಿಮ’ ಅನ್ನುವ ಮಾತು ಎಲ್ಲಿ ಬಂತು ನೋಡಿ. ಕಟ್ಟಕಡೆಗೆ. ಹಕ್ಕಿ ಯಾಕಿಲ್ಲ, ಹೆಜ್ಜೆ ಯಾಕೆ ಅಳಿಸಿತು, ಮುದುಕ ಗೊರಬು ಯಾಕೆ ಹೊದ್ದಿದ್ದಾನೆ? ಎಲ್ಲಕ್ಕೂ ಕಾರಣ ಇಪ್ಪತ್ತನೆಯ ಅಕ್ಷರದಲ್ಲಿದೆ. ಬರೆಯುವಾಗ ಕೊನೆಯ ಅಕ್ಷರದ ಹೊತ್ತಿಗೆ ಕೈ ಸೋತಿರುತ್ತದೆ, ‘ಅಬ್ಬಾ ಮುಗೀತು’ ಅನ್ನುವ ಆತುರ ಇರುತ್ತದೆ. ಈ ಕವಿತೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಬರೆದವನ ಕಥೆ ತಿಳಿದುಕೊಳ್ಳಿ

ಲಿಯು ಜೋಂಗ್‌ಯುವಾನ್ ಹುಟ್ಟಿದ್ದು 773ರಲ್ಲಿ. ಚಿಕ್ಕ ವಯಸ್ಸಿಗೇ ಆಸ್ಥಾನದಲ್ಲಿ ಮೇಲೆ ಬಂದವನು. 805ರಲ್ಲಿ ಆಡಳಿತ ಸುಧಾರಿಸಲು ಹೊರಟ ಒಂದು ಗುಂಪಿನ ಜೊತೆ ಸೇರಿದ. ಕೆಲವೇ ತಿಂಗಳಲ್ಲಿ ಚಕ್ರವರ್ತಿ ಬದಲಾದ, ಗುಂಪು ಚದುರಿತು. ಲಿಯುವನ್ನು ದಕ್ಷಿಣದ ಯೋಂಗ್‌ಜೋವ್‌ಗೆ ಅಟ್ಟಿದರು. ಈಗಿನ ಹುನಾನ್ ಪ್ರಾಂತ್ಯದ ದಕ್ಷಿಣ ತುದಿಯ ಊರು ಅದು. ಹುದ್ದೆ ಹೆಸರಿಗೆ ಮಾತ್ರ, ಅಧಿಕಾರ ಸೊನ್ನೆ. ಜೊತೆಗೆ ಬಂದಿದ್ದ ತಾಯಿ ವರ್ಷ ತುಂಬುವುದರೊಳಗೆ ಅಲ್ಲೇ ತೀರಿಕೊಂಡಳು. ಹತ್ತು ವರ್ಷ ಅವನು ಅಲ್ಲಿದ್ದ. ಈ ಕವಿತೆ ಆ ದಿನಗಳದ್ದು ಎಂದೇ ಎಣಿಕೆ. 815ರಲ್ಲಿ ರಾಜಧಾನಿಗೆ ಕರೆಸಿದರು. ಬಿಡುಗಡೆ ಆಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೂ ದೂರದ ಲಿಯುಜೋವ್‌ಗೆ ಕಳಿಸಿದರು. 819ರಲ್ಲಿ ಅಲ್ಲೇ ಸತ್ತ.

ಇಷ್ಟು ಗೊತ್ತಾದ ಮೇಲೆ ಕವಿತೆ ಮತ್ತೆ ಓದಿ. ‘ನಾನು’ ಅನ್ನುವ ಮಾತೇ ಇಲ್ಲ. ದುಃಖ ಅನ್ನುವ ಪದವೂ ಇಲ್ಲ. ಇರುವುದು ಬೆಟ್ಟ, ದಾರಿ, ದೋಣಿ, ಗಾಳ. ಹಾಗಾಗಿ ಬರೆಯುವಾಗ ಅಕ್ಷರಗಳಿಂದ ಕಣ್ಣೀರು ಹಾಕಿಸಲು ಹೋಗಬೇಡಿ. ಗೆರೆ ನಡುಗಿಸಿ, ಮಸಿ ಚೆಲ್ಲಿ ‘ಭಾವ’ ತೋರಿಸುವುದು ಈ ಕವಿತೆಗೆ ಮಾಡುವ ಅವಮಾನ.

ಜೋರಾಗಿ ಓದಿ

ಐದಕ್ಷರದ ಸಾಲಿಗೆ ಒಂದು ನಡಿಗೆ ಇದೆ: ಎರಡು, ಸಣ್ಣ ನಿಲುಗಡೆ, ಆಮೇಲೆ ಮೂರು. ಚಿಯೆನ್ ಶಾನ್ — ನಿಯಾವ್ ಫೇಯ್ ಜ್ಯುಯೆ. ಈ ನಿಲುಗಡೆ ನಾಲಿಗೆಗೆ ಅಭ್ಯಾಸ ಆಗುವವರೆಗೆ ಓದಿ. ಮುಂದೆ ಕುಂಚವನ್ನು ಮಸಿಗೆ ಅದ್ದುವುದು ಇದೇ ಜಾಗದಲ್ಲಿ.

ಇನ್ನೊಂದು ಸಂಗತಿ ಇಂದಿನ ಮ್ಯಾಂಡರಿನ್‌ನಲ್ಲಿ ಕೇಳುವುದಿಲ್ಲ. ಒಂದು, ಎರಡು, ನಾಲ್ಕನೇ ಸಾಲಿನ ಕೊನೆಯ ಪದಗಳು ತಾಂಗ್ ಕಾಲದಲ್ಲಿ ‘ತ್’ ಅಂತ ಗಕ್ಕನೆ ನಿಲ್ಲುತ್ತಿದ್ದವು. ಕ್ಯಾಂಟೊನೀಸ್ ಮಾತಾಡುವವರ ಬಾಯಲ್ಲಿ ಅದು ಇಂದಿಗೂ ಉಳಿದಿದೆ: ಜ್ಯೂತ್, ಮೀತ್, ಸ್ಯೂತ್. ಬಾಗಿಲು ಮುಚ್ಚಿದ ಹಾಗೆ ನಿಲ್ಲುವ ಸದ್ದು. ಮೂರನೇ ಸಾಲಿನ ‘ವೆಂಗ್’ ಮಾತ್ರ ತೆರೆದು ಎಳೆದುಕೊಳ್ಳುತ್ತದೆ. ಅದು ಮುದುಕ ಬರುವ ಜಾಗ. ಮೂರು ಸಾಲಿನ ತುದಿ ಬಿಗಿ, ಒಂದರದ್ದು ಸಡಿಲ. ಇದನ್ನೂ ಕೈ ನೆನಪಿಟ್ಟುಕೊಳ್ಳಬೇಕು.

ಸಾಮಾನು

ಚೀನಾದಲ್ಲಿ ಕುಂಚ, ಮಸಿ, ಕಾಗದ, ಮಸಿಕಲ್ಲು ಈ ನಾಲ್ಕನ್ನು ಓದುಕೋಣೆಯ ನಾಲ್ಕು ನಿಧಿ ಅನ್ನುತ್ತಾರೆ. ನಿಧಿ ಅಂದ ತಕ್ಷಣ ಸಾವಿರಾರು ರೂಪಾಯಿ ಸುರಿಯಬೇಡಿ.

ಕುಂಚಗಳು ಮುಖ್ಯವಾಗಿ ಮೂರು ಬಗೆ. ಮೇಕೆ ಕೂದಲಿನದು ಮೆತ್ತಗೆ, ತುಂಬಾ ಮಸಿ ಕುಡಿಯುತ್ತದೆ, ಹೊಸಬರ ಮಾತು ಕೇಳುವುದಿಲ್ಲ. ವೀಸಲ್ (ಮುಂಗುಸಿಯಂಥ ಸಣ್ಣ ಪ್ರಾಣಿ) ಕೂದಲಿನದು ಬಿರುಸು, ಬಾಗಿಸಿದರೆ ತಟ್ಟನೆ ಎದ್ದು ನಿಲ್ಲುತ್ತದೆ. ಮಾರುವಾಗ ಇದನ್ನು ‘ತೋಳದ ಕೂದಲು’ ಅನ್ನುವುದು ರೂಢಿ, ತೋಳಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡೂ ಬೆರೆತದ್ದು ಮೂರನೆಯದು. ಅದನ್ನೇ ಕೊಳ್ಳಿ. ಕೂದಲಿನ ಉದ್ದ ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಇರಲಿ. ಹೊಸ ಕುಂಚದ ಕೂದಲು ಅಂಟು ಹಾಕಿ ಗಟ್ಟಿಯಾಗಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದು ತಾನಾಗಿ ಬಿಡಲಿ, ಬೆರಳಿಂದ ಮುರಿದು ಬಿಡಿಸಬೇಡಿ.

ಕಾಗದದಲ್ಲಿ ಹೆಸರಾಂತದ್ದು ಶುಆನ್ ಕಾಗದ. ಆನ್‌ಹುಯ್ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಒಂದು ಜಾತಿಯ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಮಾಡುತ್ತಾರೆ. ಇದನ್ನು ತಯಾರಿಸುವ ಕಲೆ 2009ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಅದೇ ವರ್ಷ ಚೀನೀ ಕುಂಚ ಬರವಣಿಗೆಯೂ ಸೇರಿತು. ‘ಹಸಿ’ ಶುಆನ್ ಮಸಿಯನ್ನು ತಕ್ಷಣ ಹೀರಿ ಹರಡಿಸುತ್ತದೆ. ಪಟಿಕ ಹಾಕಿ ಪಳಗಿಸಿದ್ದು ಹೀರುವುದೇ ಇಲ್ಲ. ನಡುವಿನ ಅರೆಹಸಿ ಕಾಗದ ಆನ್‌ಲೈನ್‌ನಲ್ಲಿ ಸಿಗುತ್ತದೆ, ನಮಗೆ ಅದು ಸರಿ. ಅಭ್ಯಾಸಕ್ಕೆ ಹಳೇ ದಿನಪತ್ರಿಕೆ ಸಾಕು. ಚೀನಾದ ಮಕ್ಕಳೂ ಅದರ ಮೇಲೇ ಎಷ್ಟೋ ಬರೆದಿದ್ದಾರೆ. ಕಾಗದದ ಕೆಳಗೆ ಉಣ್ಣೆಯ ಹಾಸು ಬೇಕು. ಮನೆಯಲ್ಲಿ ಹಳೇ ಉಣ್ಣೆ ಹೊದಿಕೆ ಇದ್ದರೆ ಮಡಚಿ ಹಾಕಿ. ಒರಟು ಕಂಬಳಿ ಬೇಡ, ಅದರ ನೇಯ್ಗೆ ಗೆರೆಯಲ್ಲಿ ಮೂಡುತ್ತದೆ.

ಒಂದು ಎಚ್ಚರಿಕೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಬಳಸಬೇಡಿ. ಅದರಲ್ಲಿ ಅರಗು ಇರುತ್ತದೆ, ಕುಂಚದ ಬುಡದಲ್ಲಿ ಕೂತು ಗಟ್ಟಿಯಾದರೆ ಕುಂಚ ಹಾಳು. ತೇಯಲು ಪುರುಸೊತ್ತಿಲ್ಲದ ದಿನಕ್ಕೆ ಬಾಟಲಿಯಲ್ಲಿ ಸಿಗುವ ಚೀನೀ ಮಸಿ ಇದೆ. ಬೀಜಿಂಗ್‌ನ ಯಿದೆಗೆ ಕಂಪನಿ 1865ರಿಂದ ಇದೇ ವ್ಯಾಪಾರದಲ್ಲಿದೆ.

ಮಸಿ ತೇಯುವುದು

ಆದರೆ ಕವಿತೆ ಬರೆಯುವ ದಿನ ಬಾಟಲಿ ಬೇಡ. ಮಸಿಕಡ್ಡಿ ತೆಗೆಯಿರಿ. ಅದು ಪೈನ್ ಮರದ ಹೊಗೆಮಸಿಯಿಂದ ಅಥವಾ ಎಣ್ಣೆದೀಪದ ಕಾಡಿಗೆಯಿಂದ ಮಾಡಿದ್ದು. ಪ್ರಾಣಿಜನ್ಯ ಅಂಟು, ಸ್ವಲ್ಪ ಪರಿಮಳದ್ರವ್ಯ ಸೇರಿಸಿ ಅಚ್ಚು ಹಾಕಿ ಒಣಗಿಸಿರುತ್ತಾರೆ. ಕಲ್ಲಿನ ಮೇಲೆ ಅರ್ಧ ಚಮಚ ತಣ್ಣೀರು ಹಾಕಿ. ಕಡ್ಡಿಯನ್ನು ನೆಟ್ಟಗೆ ಹಿಡಿದು, ಸಾಣೆಕಲ್ಲಿನ ಮೇಲೆ ಗಂಧ ತೇದ ಹಾಗೆ, ಸುತ್ತು ಹಾಕುತ್ತಾ ತೇಯಿರಿ. ಒತ್ತಬೇಡಿ. ರೋಗಿಯ ಹಾಗೆ ಮಸಿ ತೇಯಿ, ಪೈಲ್ವಾನನ ಹಾಗೆ ಕುಂಚ ಹಿಡಿ ಅಂತ ಅಲ್ಲಿ ಒಂದು ಹಳೆಯ ಮಾತಿದೆ. ಜೋರಾಗಿ ತೇದರೆ ದಪ್ಪ ಕಣ ಏಳುತ್ತದೆ, ಗೆರೆಯಲ್ಲಿ ಮರಳು ಮರಳಾಗಿ ಕಾಣುತ್ತದೆ.

ಹದ ನೋಡುವುದು ಸುಲಭ. ಕಡ್ಡಿ ಹಾದುಹೋದ ಜಾಡು ಒಂದು ಕ್ಷಣ ಹಾಗೇ ಉಳಿದು ನಿಧಾನಕ್ಕೆ ಮುಚ್ಚಿಕೊಂಡರೆ ಆಯಿತು. ಜಾಡು ತಕ್ಷಣ ಮುಚ್ಚಿದರೆ ಇನ್ನೂ ನೀರು. ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಫೋನ್ ನೋಡದೆ ಕವಿತೆಯನ್ನು ಬಾಯಲ್ಲಿ ಹೇಳಿಕೊಳ್ಳಿ. ತೇಯುವ ಕೆಲಸ ಇರುವುದೇ ಅರ್ಧ ಇದಕ್ಕೆ ಅಂತ ನನಗನ್ನಿಸುತ್ತದೆ. ಮುಗಿದ ಮೇಲೆ ಕಡ್ಡಿಯ ತುದಿ ಒರೆಸಿಡಿ. ಒದ್ದೆ ಕಡ್ಡಿಯನ್ನು ಕಲ್ಲಿನ ಮೇಲೆ ಬಿಟ್ಟರೆ ಅಂಟಿಕೊಂಡು, ಕೀಳುವಾಗ ಕಲ್ಲಿನ ಚಕ್ಕೆಯೇ ಬರಬಹುದು.

ಹಿಡಿತ, ಮತ್ತು ಎಂಟು ಗೆರೆ

ಕುಂಚ ನೆಟ್ಟಗಿರಬೇಕು. ಹೆಬ್ಬೆರಳು ಒಳಗಿನಿಂದ ಒತ್ತುತ್ತದೆ, ತೋರುಬೆರಳು ಎದುರಿಂದ. ಮಧ್ಯದ ಬೆರಳು ಕೊಕ್ಕೆಯಂತೆ ಹಿಡಿದು ಒಳಗೆ ಎಳೆಯುತ್ತದೆ, ಉಂಗುರ ಬೆರಳು ಹೊರಗೆ ತಳ್ಳುತ್ತದೆ, ಕಿರುಬೆರಳು ಅದಕ್ಕೆ ಆಸರೆ. ಅಂಗೈ ಟೊಳ್ಳಾಗಿರಲಿ. ಪೆನ್ನಿನಂತೆ ಓರೆ ಹಿಡಿದರೆ ಗೆರೆಯ ಒಂದು ಅಂಚು ನುಣ್ಣಗೆ, ಇನ್ನೊಂದು ಗರಗಸ ಆಗುತ್ತದೆ. ಕೂದಲ ತುದಿ ಗೆರೆಯ ನಟ್ಟನಡುವೆ ಸಾಗಬೇಕು. ಎಲ್ಲ ಗುರುಗಳೂ ಮೊದಲು ಹೇಳುವುದು ಇದನ್ನೇ.

ಕನ್ನಡ ಬರೆಯುವ ಕೈಗೆ ಇಲ್ಲೊಂದು ತೊಂದರೆ ಇದೆ. ನಮ್ಮದು ಉರುಟು ಅಕ್ಷರ. ಸುತ್ತಿ, ಸುಳಿದು, ನಿಲ್ಲದೆ ಮುಗಿಸುವುದು ಅಭ್ಯಾಸ. ಇಲ್ಲಿ ಪ್ರತಿ ಗೆರೆಗೂ ಶುರು ಇದೆ, ನಡಿಗೆ ಇದೆ, ನಿಲ್ಲುವುದು ಇದೆ. ಅಡ್ಡಗೆರೆ ಬಲಕ್ಕೆ ಹೋಗಬೇಕಾದರೆ ತುದಿ ಮೊದಲು ಒಂದು ಚೂರು ಎಡಕ್ಕೆ ಹೋಗಿ, ಕೂತು, ಆಮೇಲೆ ಬಲಕ್ಕೆ ತಿರುಗುತ್ತದೆ. ಕೊನೆಯಲ್ಲಿ ನಿಂತು, ಬಂದ ದಾರಿಯಲ್ಲೇ ತುಸು ಹಿಂದೆ ಸರಿದು ಮೇಲೇಳುತ್ತದೆ. ದಿನಪತ್ರಿಕೆ ತುಂಬಾ ಬರೀ ಅಡ್ಡಗೆರೆ ಎಳೆಯಿರಿ. ಬೇಜಾರಾಗುತ್ತದೆ. ಆದರೂ ಎಳೆಯಿರಿ.

ಮೂಲ ಗೆರೆಗಳನ್ನೆಲ್ಲ ಒಂದೇ ಅಕ್ಷರದಲ್ಲಿ ಕಲಿಸುವುದು ಹಳೆಯ ಪದ್ಧತಿ. ಆ ಅಕ್ಷರ ‘ಯೋಂಗ್’. ಚುಕ್ಕಿ, ಅಡ್ಡ, ನೆಟ್ಟ, ಕೊಕ್ಕೆ, ಮೇಲಕ್ಕೆ ಚಿಮ್ಮುವುದು, ಎಡಕ್ಕೆ ಇಳಿಯುವ ಉದ್ದದ್ದು ಮತ್ತು ಗಿಡ್ಡದ್ದು, ಬಲಕ್ಕೆ ಇಳಿಯುವುದು: ಎಂಟೂ ಅದರಲ್ಲಿವೆ. ಲಿಯು ಹತ್ತು ವರ್ಷ ಕಳೆದ ಯೋಂಗ್‌ಜೋವ್ ಊರಿನ ಹೆಸರಿನ ಮೊದಲ ಅಕ್ಷರವೂ ಇದೇ. ಹಾಗಾಗಿ ಅಭ್ಯಾಸಕ್ಕೆ ಕೂತಾಗಲೆಲ್ಲ ಅವನ ಊರಿನ ಹೆಸರನ್ನೇ ಬರೆಯುತ್ತಿರುತ್ತೀರಿ.

ಮಾದರಿ ನೋಡಿ ಬರೆಯುವುದು

ನೆಟ್ಟನೆಯ ಕೈಶೂ ಲಿಪಿಯಿಂದಲೇ ಶುರು ಮಾಡಿ. ಓಡುವ ಲಿಪಿ ಆಮೇಲೆ. ಮಾದರಿಗೆ ಮೂವರು ಪ್ರಸಿದ್ಧರು: ಓಉಯಾಂಗ್ ಶುನ್, ಯೆನ್ ಜೆನ್‌ಚಿಂಗ್, ಲಿಯು ಗೋಂಗ್‌ಚುವಾನ್. ಯೆನ್‌ನಲ್ಲಿ ನರ, ಲಿಯು ಗೋಂಗ್‌ಚುವಾನ್‌ನಲ್ಲಿ ಮೂಳೆ ಅಂತ ಅಲ್ಲಿಯವರು ಹೇಳುತ್ತಾರೆ. ಯೆನ್‌ನ ಅಕ್ಷರಗಳು ತುಂಬಿಕೊಂಡಿರುತ್ತವೆ, ಈ ಕವಿತೆಗೆ ನನ್ನ ಮಟ್ಟಿಗೆ ಭಾರವಾಯಿತು. ಓಉಯಾಂಗ್ ಶುನ್‌ನ 632ರ ಜಿಯುಚೆಂಗ್ ಅರಮನೆ ಶಾಸನದ ಅಕ್ಷರಗಳು ತೆಳ್ಳಗೆ, ಬಿಗಿಯಾಗಿ ನಿಂತಿವೆ, ಸುತ್ತ ಬಿಳಿ ಜಾಗ ಧಾರಾಳ. ಚಳಿಗೆ ಅದೇ ಸರಿ. ಇಂಥ ಶಾಸನಗಳ ಅಕ್ಷರಗಳನ್ನು ಹೆಕ್ಕಿ ಹಳೆಯ ಕವಿತೆಗಳನ್ನು ಜೋಡಿಸಿದ ಅಭ್ಯಾಸ ಪುಸ್ತಕಗಳು ಸಿಗುತ್ತವೆ. ‘ನದಿಯ ಹಿಮ’ ಶಾಲಾಮಕ್ಕಳಿಗೂ ಗೊತ್ತಿರುವ ಕವಿತೆಯಾದ್ದರಿಂದ ಮಾದರಿ ಹುಡುಕುವುದು ಕಷ್ಟವಲ್ಲ. ಹಳೆಯ ಪೂರ್ಣರೂಪದ ಅಕ್ಷರಗಳಿರುವುದನ್ನೇ ಆರಿಸಿ. ಇಂದಿನ ಸರಳ ರೂಪದಲ್ಲಿ ಕುಂಚಕ್ಕೆ ಸಿಗಬೇಕಾದ ಎಷ್ಟೋ ಗೆರೆ ಮಾಯವಾಗಿವೆ.

ಮೊದಲು ತೆಳು ಕಾಗದ ಮೇಲಿಟ್ಟು ತಿದ್ದಿ. ಆಮೇಲೆ ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಿ ಬರೆಯಿರಿ. ಕೊನೆಗೆ ಪುಸ್ತಕ ಮುಚ್ಚಿ, ನೆನಪಿನಿಂದ. ಮೂರನೆಯದರಲ್ಲಿ ಎಡವುತ್ತೀರಿ, ಎಡವಿದ ಜಾಗವೇ ಮರುದಿನದ ಪಾಠ.

ಸುಲಭದಿಂದ ಶುರು ಮಾಡೋಣ. ‘ಸಾವಿರ’ಕ್ಕೆ ಮೂರೇ ಗೆರೆ: ಮೇಲೆ ಎಡಕ್ಕೆ ಇಳಿಯುವ ಗಿಡ್ಡ ಗೆರೆ, ಒಂದು ಉದ್ದ ಅಡ್ಡ, ನಡುವೆ ನೆಟ್ಟ. ಈ ನೆಟ್ಟಗೆರೆಯ ಬುಡ ಸೂಜಿಯಂತೆ ಚೂಪಾಗಿ ಮುಗಿಯಲಿ. ‘ಬೆಟ್ಟ’ಕ್ಕೂ ಮೂರೇ. ಮೊದಲು ನಡುವಿನ ಶಿಖರ, ಆಮೇಲೆ ಎಡಗಡೆಯಿಂದ ಇಳಿದು ತಳದಲ್ಲಿ ಬಲಕ್ಕೆ ತಿರುಗುವ ಗೆರೆ, ಕಡೆಗೆ ಬಲಗಡೆಯ ಗಿಡ್ಡ ಕಂಬ.

ಎರಡನೇ ಸಾಲಿನ ‘ಮನುಷ್ಯ’ ಬರೀ ಎರಡು ಗೆರೆ. ಒಂದು ಎಡಕ್ಕೆ ಇಳಿಯುತ್ತದೆ, ಇನ್ನೊಂದು ಬಲಕ್ಕೆ. ಬಲಗೆರೆ ಹಗುರಾಗಿ ಶುರುವಾಗಿ, ಇಳಿಯುತ್ತಾ ಒತ್ತು ಜಾಸ್ತಿಯಾಗಿ, ಪಾದದ ಹತ್ತಿರ ನಿಂತು, ಅಲ್ಲಿಂದ ಬಲಕ್ಕೆ ಚೂಪಾಗಿ ಹೊರಬರುತ್ತದೆ. ಇಪ್ಪತ್ತು ಅಕ್ಷರದಲ್ಲಿ ಇದೇ ಕಷ್ಟ, ಯಾಕೆಂದರೆ ಅಡಗಲು ಜಾಗವಿಲ್ಲ. ಇದರ ಸುತ್ತ ಏನಿದೆ ನೋಡಿ. ಮೇಲಿರುವ ‘ದಾರಿ’ಗೆ ಹತ್ತು ಗೆರೆ, ಕೆಳಗಿರುವ ‘ಹೆಜ್ಜೆ’ಗೆ ಹದಿನೆಂಟು, ಅದರ ಕೆಳಗೆ ‘ಅಳಿಸು’ವಿಗೆ ಹದಿಮೂರು. ಆ ದಟ್ಟಣೆಯ ನಡುವೆ ಎರಡು ಗೆರೆಯ ಮನುಷ್ಯ ಸಿಕ್ಕಿಕೊಂಡಿದ್ದಾನೆ. ಹೊಸಬರು ಈ ಅಕ್ಷರ ಖಾಲಿ ಕಾಣುತ್ತದೆ ಅಂತ ಅದನ್ನು ಹಿಗ್ಗಿಸುತ್ತಾರೆ, ಗೆರೆ ದಪ್ಪ ಮಾಡುತ್ತಾರೆ. ಮಾಡಬೇಡಿ. ಮನುಷ್ಯರ ಸುಳಿವೇ ಇಲ್ಲ ಅನ್ನುವ ಸಾಲಿನಲ್ಲಿ ಆ ಜಾಗ ಖಾಲಿ ಕಾಣಲೇಬೇಕು.

ಇನ್ನು ಚುಕ್ಕಿಗಳು. ಕೊನೆಯ ಮೂರು ಅಕ್ಷರಗಳನ್ನು ಮೇಲಿಂದ ಕೆಳಗೆ ನೋಡಿ. ‘ತಣ್ಣನೆ’ಯ ಬುಡದಲ್ಲಿ ಎರಡು ಚುಕ್ಕಿ, ಅದು ಮಂಜುಗಡ್ಡೆಯ ಗುರುತು. ‘ನದಿ’ಯ ಎಡಕ್ಕೆ ನೀರಿನ ಮೂರು ಚುಕ್ಕಿ, ಮೂರನೆಯದು ಮೇಲಕ್ಕೆ ಚಿಮ್ಮುತ್ತದೆ. ‘ಹಿಮ’ದ ತಲೆಯ ಮೇಲೆ ಮಳೆಯ ರೂಪ, ಅದರೊಳಗೆ ನಾಲ್ಕು ಚುಕ್ಕಿ. ಎರಡು, ಮೂರು, ನಾಲ್ಕು. ಕವಿ ಎಣಿಸಿ ಇಟ್ಟನೋ ಇಲ್ಲವೋ, ಬರೆಯುವ ಕೈಗೆ ಹಿಮ ಬೀಳುತ್ತಾ ಜಾಸ್ತಿಯಾದ ಹಾಗೇ ಅನ್ನಿಸುತ್ತದೆ. ಒಂದು ಚುಕ್ಕಿ ಇನ್ನೊಂದರ ನಕಲು ಆಗಬಾರದು. ಒಂದು ಕೆಳಗೆ ನೋಡಲಿ, ಇನ್ನೊಂದು ವಾಲಲಿ. ಒಂದೇ ಅಕ್ಷರ, ಒಂದೇ ಗೆರೆ ಮತ್ತೆ ಬಂದಾಗ ರೂಪ ಬದಲಿಸುವುದು ಅಲ್ಲಿ ದೊಡ್ಡ ವಿದ್ಯೆ. 353ರಲ್ಲಿ ಕುಂಚ ಬರವಣಿಗೆಯ ಮಹಾಗುರು ವಾಂಗ್ ಶೀಜ಼ಿ ಬರೆದ ಲಾನ್‌ತಿಂಗ್ ಮುನ್ನುಡಿಯಲ್ಲಿ ‘ಜ಼ಿ’ ಅನ್ನುವ ಅಕ್ಷರ ಇಪ್ಪತ್ತು ಸಲ ಬರುತ್ತದೆ, ಪ್ರತಿ ಸಲವೂ ಬೇರೆ. ಮೂಲಪ್ರತಿ ಉಳಿದಿಲ್ಲ, ನಾವು ನೋಡುವುದು ತಾಂಗ್ ಕಾಲದ ನಕಲುಗಳನ್ನು.

ಪುಟ ಹಾಕುವುದು

ಈ ಕವಿತೆಯನ್ನೇ ಯಾಕೆ ಹಿಡಿದೆ ಅನ್ನುವುದು ಇಲ್ಲಿದೆ. ಚೀನೀ ಬರಹ ಮೇಲಿಂದ ಕೆಳಗೆ, ಕಂಬಗಳು ಬಲದಿಂದ ಎಡಕ್ಕೆ. ಒಂದು ಸಾಲಿಗೆ ಒಂದು ಕಂಬದಂತೆ ನಾಲ್ಕು ಕಂಬ ಬರೆದರೆ, ಸಾಲುಗಳ ಮೊದಲ ಅಕ್ಷರಗಳು ಪುಟದ ನೆತ್ತಿಯ ಮೇಲೆ ಅಡ್ಡಲಾಗಿ ನಿಲ್ಲುತ್ತವೆ. ಬಲದಿಂದ ಓದಿ: ಸಾವಿರ, ಹತ್ತು ಸಾವಿರ, ಒಂಟಿ, ಒಬ್ಬನೇ. ಲೆಕ್ಕವಿಲ್ಲದಷ್ಟು ಒಂಟಿತನ! ಚೀನೀ ಓದುಗರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಪುಸ್ತಕದ ಅಡ್ಡ ಮುದ್ರಣದಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಕುಂಚದ ಪುಟದಲ್ಲಿ ಎದುರಿಗೇ ನಿಲ್ಲುತ್ತದೆ.

ಹಾಗಾಗಿ ಮೊದಲ ಅಡ್ಡಸಾಲಿನ ನಾಲ್ಕು ಅಕ್ಷರಗಳನ್ನು ಒಂದೇ ಮಟ್ಟದಲ್ಲಿಡಿ. ಕಷ್ಟ ಇದೆ. ಬಲತುದಿಯ ‘ಸಾವಿರ’ ಮೂರು ಗೆರೆ, ಎಡತುದಿಯ ‘ಒಬ್ಬನೇ’ ಹದಿನಾರು ಗೆರೆ. ಮೂರು ಗೆರೆಯದನ್ನು ತುಸು ಸಣ್ಣದಾಗಿ, ಗೆರೆ ದಪ್ಪಗೆ. ಹದಿನಾರರದ್ದನ್ನು ತುಸು ದೊಡ್ಡದಾಗಿ, ಗೆರೆ ತೆಳ್ಳಗೆ. ಆಗ ತೂಕ ಸರಿಹೋಗುತ್ತದೆ.

ಅಳತೆ ಹೇಳುತ್ತೇನೆ. ಅಕ್ಷರಕ್ಕೆ ಏಳು ಸೆಂಟಿಮೀಟರ್ ಮನೆ. ಐದು ಮನೆ ಎತ್ತರ, ಅಂದರೆ 35. ಮೇಲೆ ಕೆಳಗೆ ಐದೈದು ಬಿಟ್ಟರೆ ಕಾಗದದ ಎತ್ತರ 45. ನಾಲ್ಕು ಕಂಬಕ್ಕೆ 28, ಎಡಕ್ಕೆ ಸಹಿಗೆ 5, ಎರಡೂ ಅಂಚಿಗೆ ತಲಾ ನಾಲ್ಕೂವರೆ. ಅಗಲ 42. ಪೆನ್ಸಿಲ್ ಗೆರೆ ಬೇಡ, ಹಗುರಾಗಿ ಮಡಚಿ ಬಿಡಿಸಿದರೆ ಮಡಿಕೆಯ ಗುರುತೇ ಸಾಕು. ಏಳು, ಏಳು, ಆರು ಅಂತ ಮೂರು ಕಂಬದಲ್ಲಿ ಬರೆಯುವುದೂ ರೂಢಿಯಲ್ಲಿದೆ, ಚೆಂದವೂ ಹೌದು. ಆದರೆ ನೆತ್ತಿಯ ಸಾಲು ಹೋಗಿಬಿಡುತ್ತದೆ. ವಿರಾಮ ಚಿಹ್ನೆ ಹಾಕುವ ಪದ್ಧತಿ ಇಲ್ಲ.

ಭಾವ ಎಲ್ಲಿಂದ ಬರುತ್ತದೆ

ಈಗ ಎರಡು ಹಳೆಯ ಹಾಳೆ ನೋಡೋಣ. ಎರಡೂ ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿವೆ. ಚಿತ್ರಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ, ದೊಡ್ಡದು ಮಾಡಿ ನೋಡಿ.

ಮೊದಲನೆಯದು ಯೆನ್ ಜೆನ್‌ಚಿಂಗ್ 758ರಲ್ಲಿ ಬರೆದದ್ದು. ಕವಿತೆಯಲ್ಲ, ಸತ್ತವನಿಗೆ ಸಲ್ಲಿಸುವ ಶೋಕದ ಮಾತಿನ ಕರಡು. ಸೇನಾಪತಿ ಆನ್ ಲೂಶಾನ್ ಚಕ್ರವರ್ತಿಯ ವಿರುದ್ಧ ಎದ್ದ ದಂಗೆಯಲ್ಲಿ ಅವನ ದಾಯಾದಿ ಅಣ್ಣ, ಅಣ್ಣನ ಮಗ ಇಬ್ಬರೂ ಕೊಲೆಯಾದರು. ಹುಡುಗನ ತಲೆ ಮಾತ್ರ ಸಿಕ್ಕಿತು. ಹಾಳೆಯ ಶುರುವಿನಲ್ಲಿ ತಾರೀಖು, ಹುದ್ದೆ ಎಲ್ಲ ಸಮಾಧಾನದಿಂದ ಬರೆದಿದ್ದಾನೆ. ‘ತಂದೆ ಸಿಕ್ಕಿಬಿದ್ದ, ಮಗ ಸತ್ತ, ಗೂಡು ಮಗುಚಿತು, ಮೊಟ್ಟೆ ಒಡೆಯಿತು’ ಅನ್ನುವ ಹೊತ್ತಿಗೆ ಕೈ ಓಡುತ್ತಿದೆ. ಹೊಡೆದುಹಾಕಿದ ಪದಗಳು, ಸಾಲಿನ ಪಕ್ಕ ತುರುಕಿದ ಪದಗಳು. ಮಸಿ ಮುಗಿದು ಗೆರೆ ಒಣಗಿದ್ದರೂ ಕುಂಚ ಅದ್ದಿಲ್ಲ. ಅದೊಂದು ಕರಡು, ಯಾರಿಗೋ ತೋರಿಸಲು ಬರೆದದ್ದಲ್ಲ.

ಎರಡನೆಯದು ಸೋಂಗ್ ರಾಜವಂಶದ ಕಾಲದ ಕವಿ ಸು ಶ್ರ್ ಬರೆದದ್ದು. ಅವನೂ ಗಡೀಪಾರಾದವನು. 1079ರಲ್ಲಿ ಅವನ ಕವಿತೆಗಳನ್ನೇ ಸಾಕ್ಷಿ ಮಾಡಿ ವಿಚಾರಣೆ ನಡೆಸಿ ಹುವಾಂಗ್‌ಜೋವ್‌ಗೆ ಅಟ್ಟಿದರು. ಒಲೆ ಹಚ್ಚದೆ ತಣ್ಣನೆಯದನ್ನೇ ತಿಂದು, ಸಮಾಧಿಗಳಿಗೆ ಕಾಗದದ ಹಣ ಅರ್ಪಿಸುವ ‘ತಣ್ಣನೆ ಊಟ’ದ ಹಬ್ಬದ ಸಮಯಕ್ಕೆ, 1082ರಲ್ಲಿ, ಎರಡು ಕವಿತೆ ಬರೆದ. ಬರಿದಾದ ಅಡುಗೆಮನೆಯಲ್ಲಿ ತಣ್ಣನೆ ಸೊಪ್ಪು ಬೇಯಿಸುತ್ತಾನೆ, ಒಡೆದ ಒಲೆಯಲ್ಲಿ ಹಸಿ ಜೊಂಡು ಉರಿಸುತ್ತಾನೆ. ಕಾಗೆ ಆ ಕಾಗದ ಕಚ್ಚಿಕೊಂಡು ಹೋಗುವುದನ್ನು ಕಂಡಾಗಲೇ ಇವತ್ತು ಹಬ್ಬ ಅಂತ ಗೊತ್ತಾಗುತ್ತದೆ. ಆ ‘ಕಾಗದ’ ಅನ್ನುವ ಅಕ್ಷರದ ಕೊನೆಯ ನೆಟ್ಟಗೆರೆ ಕತ್ತಿಯಂತೆ ಕೆಳಗೆ ಇಳಿದುಬಿಟ್ಟಿದೆ, ಇನ್ನೊಂದೆರಡು ಅಕ್ಷರದ ಜಾಗವನ್ನು ನುಂಗಿದೆ. ಮೊದಮೊದಲ ಸಣ್ಣ, ಸಭ್ಯ ಅಕ್ಷರಗಳಿಂದ ಇಲ್ಲಿಗೆ ಹೇಗೆ ಬಂದ ಅಂತ ಕಂಬ ಕಂಬವಾಗಿ ಹಿಂಬಾಲಿಸಿ ನೋಡಿ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಯುವಾನ್ ರಾಜವಂಶದ ಕಾಲದ (13–14ನೇ ಶತಮಾನ) ಚೆನ್ ಯಿಜೆಂಗ್ ಇದನ್ನು ಸೂತ್ರವಾಗಿಯೇ ಹೇಳಿದ್ದಾನೆ: ಸಂತೋಷದಲ್ಲಿ ಅಕ್ಷರ ಬಿಚ್ಚಿಕೊಳ್ಳುತ್ತದೆ, ಸಿಟ್ಟಿನಲ್ಲಿ ಕಡಿದಾಗುತ್ತದೆ, ದುಃಖದಲ್ಲಿ ಮುದುಡುತ್ತದೆ. ಆದರೆ ಇದನ್ನು ತಿರುಗಿಸಿ ಉಪಯೋಗಿಸಲು ಹೋದರೆ, ಮುದುಡಿದ ಅಕ್ಷರ ಬರೆದರೆ ದುಃಖ ಬಂದೀತು ಅಂದುಕೊಂಡರೆ, ನಾಟಕ ಆಗುತ್ತದೆ. ಯೆನ್ ಆಗಲಿ ಸು ಶ್ರ್ ಆಗಲಿ ಬರೆದದ್ದು ಸ್ವಂತ ಮಾತು. ನಾವು ಬರೆಯುತ್ತಿರುವುದು 1200 ವರ್ಷ ಹಿಂದಿನವನ ಮಾತು. ನಮಗೆ ನ್ಯಾಯವಾಗಿ ದಕ್ಕುವುದು ಅವನ ಉಸಿರಿನ ನಡಿಗೆ ಮಾತ್ರ.

ಅದಕ್ಕೇ ಅದ್ದುವ ನಿಯಮ. ನಿಲುಗಡೆ ಇರುವಲ್ಲಿ ಮಾತ್ರ ಕುಂಚ ಅದ್ದಿ. ‘ಸಾವಿರ ಬೆಟ್ಟ’ಕ್ಕೆ ಒಮ್ಮೆ, ‘ಹಕ್ಕಿ ಹಾರಾಟ ನಿಂತಿದೆ’ಗೆ ಒಮ್ಮೆ. ಪದಗುಚ್ಛದ ಮಧ್ಯೆ ಅದ್ದಬೇಡಿ. ಆಗ ಪ್ರತಿ ಸಾಲಿನ ಕೊನೆಯ ಅಕ್ಷರ ತಾನಾಗಿ ಸ್ವಲ್ಪ ಒಣಗಿ ಬರುತ್ತದೆ. ‘ನಿಂತಿದೆ’, ‘ಅಳಿಸಿದೆ’, ‘ಹಿಮ’ ಮೂರೂ ಒಣಗಿರುತ್ತವೆ. ಹಿಂದೆ ಹೇಳಿದ ‘ತ್’ ಸದ್ದಿನ ಪದಗಳು ಇವೇ. ಗೆರೆಯೊಳಗೆ ಕಾಗದದ ಬಿಳಿ ಇಣುಕುವುದಕ್ಕೆ ‘ಹಾರುವ ಬಿಳಿ’ ಅನ್ನುತ್ತಾರೆ. ‘ಹಿಮ’ದಲ್ಲಿ ಅದು ಬಂದರೆ ಸರಿ. ಬರಲಿಲ್ಲ ಅಂದರೆ ಬೇಕೆಂದು ತರಿಸಬೇಡಿ. ‘ಮುದುಕ’ನಿಗೆ ಮಾತ್ರ ನನ್ನದೊಂದು ವಿನಾಯಿತಿ ಇದೆ: ಅವನಿಗೆ ಮೊದಲು ಮತ್ತೆ ಅದ್ದಿ, ಕಪ್ಪಗೆ, ಪೂರ್ತಿಯಾಗಿ ಬರೆಯಿರಿ. ಅಷ್ಟು ಬಿಳಿಯ ನಡುವೆ ಕಾಣಬೇಕಾದವನು ಅವನೊಬ್ಬನೇ.

ಬರೆಯುವ ದಿನ

ಸುನ್ ಗುವೊತಿಂಗ್ 687ರಲ್ಲಿ ಬರೆದ ಕುಂಚ ಬರವಣಿಗೆಯ ಗ್ರಂಥದಲ್ಲಿ ಅನುಕೂಲ ಐದು, ಪ್ರತಿಕೂಲ ಐದು ಅಂತ ಎಣಿಸಿದ್ದಾನೆ. ಮನಸ್ಸು ನಿರಾಳ, ಯಾರದೋ ಪ್ರೀತಿಯ ನೆನಪು, ಹಿತವಾದ ಹವೆ, ಒಂದಕ್ಕೊಂದು ಹೊಂದುವ ಕಾಗದ ಮಸಿ, ಇದ್ದಕ್ಕಿದ್ದಂತೆ ಬರೆಯಬೇಕು ಅನ್ನಿಸುವುದು: ಇವು ಅನುಕೂಲ. ಗಡಿಬಿಡಿ, ಮನಸ್ಸಿಲ್ಲದ ಮನಸ್ಸು, ಒಣಗಾಳಿ ಸುಡುಬಿಸಿಲು, ಹೊಂದದ ಸಾಮಾನು, ದಣಿದ ಕೈ: ಪ್ರತಿಕೂಲ. ಹವೆಯ ಮಾತು ನಮ್ಮಲ್ಲೂ ಅಷ್ಟೇ ನಿಜ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಫ್ಯಾನ್ ಕೆಳಗೆ ಕೂತರೆ ಕಲ್ಲಿನ ಮೇಲಿನ ಮಸಿ ನೋಡನೋಡುತ್ತಾ ಗಟ್ಟಿಯಾಗುತ್ತದೆ, ಆಗಾಗ ಒಂದೆರಡು ಹನಿ ನೀರು ಹಾಕುತ್ತಿರಿ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಕುಡಿದಿರುತ್ತದೆ, ಮಸಿ ಹರಡುತ್ತದೆ. ಅಲ್ಲಿ ಮಸಿ ಸ್ವಲ್ಪ ಗಟ್ಟಿ ಇರಲಿ.

ನಿಂತುಕೊಂಡು ಬರೆಯುವುದು ಒಳ್ಳೆಯದು. ಬಿಡುವಿನ ಕಾಗದದ ಮೇಲೆ ಒಂದು ಗೆರೆ ಎಳೆದು ಮಸಿ ನೋಡಿಕೊಳ್ಳಿ. ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ಏಳನೇ ಅಕ್ಷರ ಕೆಟ್ಟರೂ ಇಪ್ಪತ್ತನೆಯದರವರೆಗೆ ಹೋಗಿ. ಬರೆದ ಗೆರೆಯನ್ನು ಮತ್ತೆ ತಿದ್ದಬಾರದು. ಒಣಗಿದ ಮೇಲೆ ಆ ತೇಪೆ ಹೊಳೆದು ಎದ್ದು ಕಾಣುತ್ತದೆ, ಬಲ್ಲವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಒಂದೇ ಕೂತಲ್ಲಿ ಮೂರ್ನಾಲ್ಕು ಹಾಳೆಗಿಂತ ಜಾಸ್ತಿ ಬೇಡ. ಎಲ್ಲವನ್ನೂ ಗೋಡೆಗೆ ಸಿಕ್ಕಿಸಿ ಮರುದಿನ ದೂರದಿಂದ ನೋಡಿ ಒಂದನ್ನು ಆರಿಸಿ. ಬರೆದ ದಿನದ ಕಣ್ಣು ನಂಬಿಕೆಗೆ ಅರ್ಹವಲ್ಲ.

ಸಹಿ, ಮುದ್ರೆ

ಎಡಗಡೆಯ ಖಾಲಿ ಕಂಬದಲ್ಲಿ, ಕವಿತೆಯ ಅಕ್ಷರದ ಅರ್ಧಕ್ಕಿಂತ ಸಣ್ಣದಾಗಿ, ಕವಿಯ ಹೆಸರು, ಕವಿತೆಯ ಹೆಸರು, ವರ್ಷ, ಬರೆದವರ ಹೆಸರು. ವರ್ಷವನ್ನು ಅವರು ಅರವತ್ತರ ಚಕ್ರದಲ್ಲಿ ಹೇಳುತ್ತಾರೆ, ನಮ್ಮ ಸಂವತ್ಸರಗಳಂತೆಯೇ. 2026 ಅಲ್ಲಿ ಬಿಂಗ್‌ವು, ಇಲ್ಲಿ ಯುಗಾದಿಯಿಂದ ಪರಾಭವ. ನಿಮ್ಮ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ತಪ್ಪೇನಿಲ್ಲ. ಸಹಿ ಕವಿತೆಯ ಕೊನೆಯ ಅಕ್ಷರಕ್ಕಿಂತ ಕೆಳಗೆ ಇಳಿಯದಿರಲಿ.

ಅದರ ಕೆಳಗೆ ಕೆಂಪು ಮುದ್ರೆ. ಬಣ್ಣ ಇಂಗಲೀಕದ್ದು, ಹರಳೆಣ್ಣೆಯಲ್ಲಿ ನಾರಿನ ಜೊತೆ ಕಲಸಿರುತ್ತಾರೆ. ಸ್ಟಾಂಪ್ ಪ್ಯಾಡ್ ಇಂಕ್ ಹಾಕಿದರೆ ಅದು ಹರಡಿ ಅಂಚು ಮಸುಕಾಗುತ್ತದೆ. ಮುದ್ರೆಯ ಅಗಲ ಸಹಿಯ ಅಕ್ಷರದಷ್ಟೇ ಇರಲಿ. ಪೂರ್ತಿ ಕಪ್ಪು ಬಿಳುಪಿನ ಹಾಳೆಯಲ್ಲಿ ಅದೊಂದೇ ಬಣ್ಣ, ದೊಡ್ಡದಾದರೆ ಮುದುಕನಿಗಿಂತ ಮೊದಲು ಅದೇ ಕಾಣುತ್ತದೆ.

ಕುಂಚವನ್ನು ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಸೋಪು ಬೇಡ. ಬುಡದಿಂದ ಬರುವ ನೀರು ತಿಳಿಯಾಗುವವರೆಗೆ ಹಿಂಡಿ, ತುದಿಯನ್ನು ಬೆರಳಿಂದ ಚೂಪು ಮಾಡಿ, ಕೆಳಮುಖವಾಗಿ ನೇತು ಹಾಕಿ. ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಕೂದಲು ಬಾಗಿ ಹಾಗೇ ಉಳಿಯುತ್ತದೆ. ಮಸಿಕಲ್ಲನ್ನೂ ತೊಳೆದಿಡಿ, ಒಣಗಿದ ಹಳೇ ಮಸಿ ನಾಳೆಯದನ್ನು ಕೆಡಿಸುತ್ತದೆ. ಹಾಳೆ ಸುಕ್ಕಾಗಿರುತ್ತದೆ, ಅದು ಸಹಜ. ಹಿಂದೆ ಮೈದಾ ಗಂಜಿಯಿಂದ ಇನ್ನೊಂದು ಹಾಳೆ ಅಂಟಿಸಿ ಸೆಳೆದು ಒಣಗಿಸಿದರೆ ನೆಟ್ಟಗಾಗುತ್ತದೆ. ಮೊದಲು ಕೆಟ್ಟ ಹಾಳೆಯ ಮೇಲೆ ಕೈ ನೋಡಿಕೊಳ್ಳಿ.

ಮುಂದಿನದಕ್ಕೆ ಮೆಂಗ್ ಹಾವ್‌ರಾನ್‌ನ ‘ವಸಂತದ ಮುಂಜಾವು’ ಹಿಡಿಯಬಹುದು. ಅದೂ ಇಪ್ಪತ್ತೇ ಅಕ್ಷರ, ಇದೇ ಅಳತೆಯ ಕಾಗದ ಸಾಕು. ಆದರೆ ಅದು ನಿದ್ದೆಗಣ್ಣಿನ ಕವಿತೆ. ಓಉಯಾಂಗ್‌ನ ಬಿಗಿ ಅಕ್ಷರ ಅದಕ್ಕೆ ಹೊಂದುವುದಿಲ್ಲ, ಮೇಕೆ ಕೂದಲಿನ ಕುಂಚ ಕೊಳ್ಳಬೇಕಾದೀತು.